ದೇವರ ನಡೆಸುವಿಕೆಯನ್ನು ಒಬ್ಬಂಟಿಯಾಗಿ ಗುರುತಿಸಲು ಸಾಧ್ಯವೇ? ವಿಶ್ವಾಸಿಗಳ ಅನ್ಯೋನ್ಯತೆ ಅದಕ್ಕೆ ಎಷ್ಟು ಅಗತ್ಯ?

ಪ್ರಶ್ನೆ: ‘ಹಿಂದಿನ ಸಾಲಿನವನು’

ಕರ್ತನಲ್ಲಿ ಪ್ರಿಯರಾದ ಎಲ್ಲರಿಗೂ ವಂದನೆಗಳು.

ಸುಮಾರು ಎರಡು ವರ್ಷಗಳಿಂದ ನನ್ನ ಪ್ರಾರ್ಥನೆ ಒಣಗಿಹೋಗಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ದೇವರನ್ನು ಬಿಟ್ಟವನಲ್ಲ, ಸತ್ಯವೇದವನ್ನು ಸುಳ್ಳೆಂದು ಎಣಿಸಿದವನೂ ಅಲ್ಲ. ಆದರೆ ಬೆಳಿಗ್ಗೆ ಮೊಣಕಾಲೂರಿ ಆಡುವ ಮಾತುಗಳು ನನ್ನ ಕಿವಿಗೇ ಕಂಠಪಾಠದಂತೆ ಕೇಳಿಸುತ್ತವೆ. ಪ್ರಾರ್ಥನೆಯ ವಿಷಯಗಳನ್ನು ಬರೆದಿಡಲು ನಾನೊಂದು ನೋಟ್‌ಪುಸ್ತಕವನ್ನು ಇಟ್ಟುಕೊಂಡಿದ್ದೆ. ಪುಟದ ನಡುವೆ ಗೆರೆ ಎಳೆದು, ಎಡಗಡೆ ಬೇಡಿಕೆಯನ್ನೂ ಬಲಗಡೆ ದೊರೆತ ಉತ್ತರವನ್ನೂ ಬರೆಯುವುದು ರೂಢಿಯಾಗಿತ್ತು. ಕೊನೆಯ ಹನ್ನೊಂದು ಪುಟಗಳಲ್ಲಿ ಬಲಗಡೆ ಏನೂ ಇಲ್ಲ. ಅದರ ನಂತರದ ಪುಟಗಳಲ್ಲಿ ಎಡಗಡೆಯೂ ಏನೂ ಇಲ್ಲ.

ಈ ನಡುವೆ ನನಗೆ ದೂರದ ಒಂದು ಊರಿನಲ್ಲಿ ಬೇರೆ ಕೆಲಸ ದೊರೆತಿದೆ. ಹೋಗಬೇಕೇ, ಇಲ್ಲಿಯೇ ಉಳಿಯಬೇಕೇ ಎಂದು ದೇವರ ಚಿತ್ತವನ್ನು ತಿಳಿಯಬಯಸಿ, ನಾನು ಹೋಗುತ್ತಿದ್ದ ಪ್ರಾರ್ಥನಾಕೂಟದಲ್ಲಿ ವಿಷಯವನ್ನು ಮುಂದಿಟ್ಟೆ. ಒಬ್ಬರು ಕಣ್ಣು ಮುಚ್ಚಿಕೊಂಡೇ, ಕರ್ತನು ನಿನ್ನನ್ನು ಅಲ್ಲಿಗೆ ಕಳುಹಿಸುತ್ತಿದ್ದಾನೆ ಎಂದರು. ಇನ್ನೊಬ್ಬರು ಕೂಟ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ನೀನು ಹೊರಟರೆ ಆತನ ಚಿತ್ತವನ್ನು ಮೀರಿದಂತೆ ಎಂದರು. ಇಬ್ಬರೂ ಒಳ್ಳೆಯವರೇ, ಇಬ್ಬರೂ ನನಗಾಗಿ ಉಪವಾಸವಿದ್ದು ಪ್ರಾರ್ಥಿಸಿದವರು. ಅಂದಿನಿಂದ ನಾನು ಕೂಟಕ್ಕೆ ಹೋಗುವುದನ್ನು ನಿಲ್ಲಿಸಿದ್ದೇನೆ. ಈಗ ಪಾತ್ರೆ ತೊಳೆಯುತ್ತಾ ಫೋನಿನಲ್ಲಿ ಪ್ರಸಂಗಗಳನ್ನು ಕೇಳುತ್ತೇನೆ, ಅದೂ ಒಂದೂವರೆಪಟ್ಟು ವೇಗದಲ್ಲಿ.

ನನ್ನ ಪ್ರಶ್ನೆ ಇಷ್ಟು. ದೇವರು ನಡೆಸುತ್ತಾನೆ ಎಂದರೆ ನಿಜವಾಗಿ ಹೇಗೆ? ಅದನ್ನು ತಿಳಿದುಕೊಳ್ಳಲು ಸತ್ಯವೇದ ಮತ್ತು ಏಕಾಂತ ಪ್ರಾರ್ಥನೆ ಸಾಲದೇ? ಇತರರನ್ನು ಸೇರಿಸಿಕೊಂಡಾಗ ಗೊಂದಲ ಹೆಚ್ಚಿತೇ ಹೊರತು ನನ್ನ ನಂಬಿಕೆ ಬಲಗೊಳ್ಳಲಿಲ್ಲ. ಒಂದು ತಿಂಗಳೊಳಗೆ ಕೆಲಸದ ಕುರಿತು ಉತ್ತರ ಕೊಡಬೇಕಾಗಿದೆ.

ಉತ್ತರ 1: ‘ಹಳೆಯ ಕಂದೀಲು’

ಸಹೋದರರೇ, ನಿಮಗೆ ಆ ಇಬ್ಬರು ಹೇಳಿದ ಮಾತುಗಳು ಒಂದಕ್ಕೊಂದು ವಿರುದ್ಧವಾದದ್ದರಿಂದ ಒಂದು ಉಪಕಾರವಂತೂ ಆಯಿತು: ಕನಿಷ್ಠಪಕ್ಷ ಅವರಲ್ಲಿ ಒಬ್ಬರ ಮಾತು ದೇವರ ಮಾತಾಗಿರಲಿಲ್ಲ ಎಂದು ನಿಮಗೆ ಖಚಿತವಾಯಿತು. ಇಬ್ಬರೂ ಒಂದೇ ಮಾತನ್ನು ಹೇಳಿದ್ದರೆ ನೀವು ಬಹುಶಃ ಪರೀಕ್ಷಿಸದೆ ಒಪ್ಪಿಕೊಂಡುಬಿಡುತ್ತಿದ್ದಿರಿ. ಅಪೊಸ್ತಲನಾದ ಪೌಲನು ಥೆಸಲೊನೀಕದವರಿಗೆ ಬರೆದ ಮೊದಲನೆಯ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ ಪ್ರವಾದನೆಗಳನ್ನು ಹೀನೈಸಬೇಡಿರಿ ಎಂದು ಹೇಳಿದ ಕೂಡಲೇ, ಎಲ್ಲವನ್ನೂ ಪರಿಶೋಧಿಸಿ ಒಳ್ಳೆಯದನ್ನೇ ಹಿಡಿದುಕೊಳ್ಳಿರಿ ಎಂದೂ ಹೇಳುತ್ತಾನೆ. ಈ ಎರಡು ಮಾತುಗಳಲ್ಲಿ ಮೊದಲನೆಯದನ್ನು ಮಾತ್ರ ಕಲಿಸುವ ಕೂಟಗಳಿವೆ, ಎರಡನೆಯದನ್ನು ಮಾತ್ರ ಕಲಿಸುವ ಕೂಟಗಳೂ ಇವೆ.

ನಡೆಸುವಿಕೆ ಹೇಗಿರುತ್ತದೆ ಎಂದು ಕೇಳಿದ್ದೀರಿ. ಅಪೊಸ್ತಲರ ಕೃತ್ಯಗಳು 16ನೆಯ ಅಧ್ಯಾಯದ 6ರಿಂದ 10ರವರೆಗಿನ ವಚನಗಳನ್ನು ಅವಸರವಿಲ್ಲದೆ ಓದಿ ನೋಡಿ. ಪೌಲನೂ ಅವನ ಜೊತೆಯವರೂ ಆಸ್ಯ ಸೀಮೆಯಲ್ಲಿ ವಾಕ್ಯ ಸಾರಬೇಕೆಂದಿದ್ದಾಗ ಪವಿತ್ರಾತ್ಮನು ತಡೆಯುತ್ತಾನೆ. ಬಿಥೂನ್ಯಕ್ಕೆ ಹೋಗಲು ಪ್ರಯತ್ನಿಸಿದರೆ ಅಲ್ಲಿಯೂ ತಡೆ. ಏಕೆ ತಡೆಯಲಾಯಿತು ಎಂಬುದನ್ನು ಆ ಪುಸ್ತಕವನ್ನು ಬರೆದ ಲೂಕನು ಹೇಳಿಲ್ಲ. ಆ ಹೊತ್ತಿಗೆ ಅವರಿಗೂ ಗೊತ್ತಿದ್ದಂತೆ ಕಾಣುವುದಿಲ್ಲ. ಎರಡು ಬಾಗಿಲು ಮುಚ್ಚಿದ ಮೇಲೆ, ಕಾರಣ ತಿಳಿಯದೆ, ಬಹುದೂರ ನಡೆದು ಸಮುದ್ರ ತೀರದ ತ್ರೋವಕ್ಕೆ ಬಂದಾಗ ಒಂದು ರಾತ್ರಿ ಮಕೆದೋನ್ಯದವನೊಬ್ಬನು ಸಹಾಯಕ್ಕಾಗಿ ಕರೆಯುವ ದರ್ಶನವಾಗುತ್ತದೆ. ಈ ಭಾಗವನ್ನು ಓದುವ ನಮ್ಮಲ್ಲಿ ಹೆಚ್ಚಿನವರು ದರ್ಶನವನ್ನಷ್ಟೇ ನೆನಪಿಟ್ಟುಕೊಂಡು, ಅದಕ್ಕೆ ಮುಂಚಿನ ಆ ದೀರ್ಘ ನಡಿಗೆಯನ್ನು ಮರೆತುಬಿಡುತ್ತೇವೆ. ತಡೆಯೂ ನಡೆಸುವಿಕೆಯೇ ಆಗಿತ್ತು, ಮೌನವೂ ಅದರೊಳಗೇ ಇತ್ತು.

ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು 10ನೆಯ ವಚನದಲ್ಲಿದೆ. ದರ್ಶನ ಕಂಡವನು ಪೌಲನೊಬ್ಬನೇ. ಆದರೆ ಅದರ ಅರ್ಥ ಇಂಥದ್ದೆಂದು ನಿಶ್ಚಯಿಸಿದವರು ‘ನಾವು’. ಆ ಪುಸ್ತಕದಲ್ಲಿ ಅಲ್ಲಿಯವರೆಗೆ ‘ಅವರು’ ಎಂದು ಬರೆಯುತ್ತಿದ್ದ ಲೂಕನು ‘ನಾವು’ ಎಂದು ಬರೆಯಲು ಆರಂಭಿಸುವುದು ಸರಿಯಾಗಿ ಅಲ್ಲಿಂದಲೇ. ಅಪೊಸ್ತಲನಂಥ ಅಪೊಸ್ತಲನೇ ತಾನು ಕಂಡದ್ದನ್ನು ಬೆಳಿಗ್ಗೆ ಸೀಲ, ತಿಮೊಥೆ ಮುಂತಾದವರ ಮುಂದೆ ಇಟ್ಟು, ಎಲ್ಲರೂ ಕೂಡಿ ಯೋಚಿಸಿ ತೀರ್ಮಾನಕ್ಕೆ ಬಂದ ಮೇಲೆ ಹಡಗು ಹತ್ತಿದನೆಂದರೆ, ನನ್ನ ನಿಮ್ಮಂಥವರು ಏಕಾಂತವೊಂದೇ ಸಾಕು ಎನ್ನುವ ಮೊದಲು ಸ್ವಲ್ಪ ತಡೆದು ಯೋಚಿಸಬೇಕು. ನಿಮ್ಮ ಕೂಟದಲ್ಲಿ ನಡೆಯದೆ ಹೋದದ್ದು ಇದೇ. ಇಬ್ಬರು ತಮ್ಮ ತಮ್ಮ ತೀರ್ಪನ್ನು ಕೊಟ್ಟರು; ನಿಮ್ಮ ಜೊತೆ ಕುಳಿತು ನಿಶ್ಚಯಿಸಿದವರು ಒಬ್ಬರೂ ಇರಲಿಲ್ಲ.

ಇನ್ನೊಂದು ಮಾತು. ಕರೆದವನು ಮಕೆದೋನ್ಯದ ಗಂಡಸು. ಫಿಲಿಪ್ಪಿಗೆ ಹೋದಾಗ ನದೀತೀರದಲ್ಲಿ ಕಿವಿಗೊಟ್ಟವಳು ಲುದ್ಯಳೆಂಬ ಹೆಂಗಸು. ಕೆಲವು ದಿನಗಳಲ್ಲಿ ಪೌಲ ಸೀಲರಿಗೆ ಛಡಿಯೇಟು ಬಿದ್ದು ಕಾಲಿಗೆ ಕೋಳ ಹಾಕಲಾಯಿತು. ಆದುದರಿಂದ ಎಲ್ಲವೂ ಸಲೀಸಾಗಿ ನಡೆದರೆ ಅದು ದೇವರ ಚಿತ್ತ, ಅಡ್ಡಿ ಬಂದರೆ ಅಲ್ಲ ಎಂಬ ಅಳತೆಗೋಲನ್ನು ದಯವಿಟ್ಟು ಪಕ್ಕಕ್ಕಿಡಿ. ಅದು ಎಷ್ಟೋ ಜನರನ್ನು ದಾರಿ ತಪ್ಪಿಸಿದೆ.

ಉತ್ತರ 2: ‘ಗುರುವಾರದ ಓದುಗಳು’

ಮೇಲಿನ ಹಿರಿಯರು ಬರೆದದ್ದನ್ನು ಒಪ್ಪುತ್ತೇನೆ. ಆದರೆ ನಿಮ್ಮ ಪತ್ರವನ್ನು ಓದಿದಾಗ ನನಗೆ ಕೆಲಸದ ಪ್ರಶ್ನೆಗಿಂತ ಆ ಖಾಲಿ ಪುಟಗಳೇ ಹೆಚ್ಚು ಕಾಣಿಸಿದವು. ನಾನೂ ಸುಮಾರು ಮೂರು ವರ್ಷ ಸಭೆಯಿಂದ ದೂರವಿದ್ದವಳು. ಜಗಳವೇನೂ ಆಗಿರಲಿಲ್ಲ, ಒಂದು ಭಾನುವಾರ ಆರೋಗ್ಯವಿರಲಿಲ್ಲ, ಮುಂದಿನ ಭಾನುವಾರ ಮಳೆ, ಅದರ ಮುಂದಿನ ಭಾನುವಾರ ಯಾರಾದರೂ ‘ಏಕೆ ಬರಲಿಲ್ಲ’ ಎಂದು ಕೇಳಿಬಿಟ್ಟಾರು ಎಂಬ ಸಂಕೋಚ. ಯಾರೂ ಕೇಳಲಿಲ್ಲ ಎಂಬುದು ಆಮೇಲೆ ಇನ್ನೊಂದು ನೋವಾಯಿತು. ಇಬ್ರಿಯರಿಗೆ ಬರೆದ ಪತ್ರಿಕೆಯ 10ನೆಯ ಅಧ್ಯಾಯದಲ್ಲಿ ಸಭೆಯಾಗಿ ಕೂಡಿಬರುವುದನ್ನು ಬಿಟ್ಟುಬಿಡುವುದು ಕೆಲವರಿಗೆ ರೂಢಿಯಾಗಿದೆ ಎಂದು ಬರೆದಿರುವುದನ್ನು ಓದಿದಾಗ, ಮೊದಲನೆಯ ಶತಮಾನದಲ್ಲಿಯೇ ನನ್ನಂಥವರಿದ್ದರಲ್ಲಾ ಎಂದು ನಗು ಬಂದಿತ್ತು.

ಆ ದಿನಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅರಸುಗಳ ಮೊದಲನೆಯ ಪುಸ್ತಕದ 19ನೆಯ ಅಧ್ಯಾಯ. ಪ್ರವಾದಿಯಾದ ಎಲೀಯನು ತನ್ನನ್ನು ಕೊಲ್ಲಿಸಹೊರಟ ರಾಣಿ ಈಜೆಬೆಲಳಿಗೆ ಹೆದರಿ ಓಡಿ, ತನ್ನ ಸೇವಕನನ್ನು ಹಿಂದೆಯೇ ಬಿಟ್ಟು, ಅಡವಿಯಲ್ಲಿ ಒಂದು ದಿನದ ಪ್ರಯಾಣದಷ್ಟು ದೂರ ಒಬ್ಬನೇ ಹೋಗಿ, ಗಿಡದ ಕೆಳಗೆ ಕುಳಿತು ಸಾವನ್ನು ಬೇಡುತ್ತಾನೆ. ದೇವರು ಆಗ ಅವನಿಗೆ ಉಪದೇಶ ಮಾಡುವುದಿಲ್ಲ. ದೂತನು ಮುಟ್ಟಿ ಎಬ್ಬಿಸಿ, ಎದ್ದು ಊಟ ಮಾಡು ಎನ್ನುತ್ತಾನೆ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು. ಅವನು ತಿಂದು ಮತ್ತೆ ಮಲಗುತ್ತಾನೆ. ಎರಡನೆಯ ಸಲವೂ ಊಟವೇ. ಅದಾಗಿ ನಾಲ್ವತ್ತು ದಿನ ಹಗಲಿರುಳು ನಡೆದು ಹೋರೇಬ್ ಬೆಟ್ಟಕ್ಕೆ ಬಂದ ಮೇಲೆ, ಗಾಳಿ, ಭೂಕಂಪ, ಸಿಡಿಲಿನಂಥ ಬೆಂಕಿ ಎಲ್ಲವೂ ದಾಟಿಹೋದ ಮೇಲೆ, ಆ ಮೆಲ್ಲನೆಯ ಶಬ್ದ. ಆ ಶಬ್ದದ ನಂತರ ಅವನಿಗೆ ಸಿಕ್ಕ ಉತ್ತರದಲ್ಲಿ ಎರಡು ಸಂಗತಿಗಳು ನನಗೆ ಬಹಳ ಮುಖ್ಯವಾಗಿ ಕಂಡವು. ‘ನಾನೊಬ್ಬನೇ ಉಳಿದಿದ್ದೇನೆ’ ಎಂದು ಅವನು ಎರಡು ಬಾರಿ ಹೇಳಿಕೊಂಡಿದ್ದ. ಬಾಳನೆಂಬ ಅನ್ಯದೇವತೆಗೆ ಮೊಣಕಾಲೂರದ 7,000 ಮಂದಿ ಇದ್ದಾರೆ ಎಂದು ದೇವರು ಲೆಕ್ಕ ಕೊಡುತ್ತಾನೆ. ಜೊತೆಗೆ ಎಲೀಷನನ್ನು ಹೆಸರು ಹೇಳಿ ತೋರಿಸುತ್ತಾನೆ. ಮಾರ್ಗದರ್ಶನ ಕೇಳಲು ಹೋದವನಿಗೆ ಒಬ್ಬ ಜೊತೆಗಾರ ದೊರೆತ.

ನನ್ನ ವಿಷಯದಲ್ಲಿ ಅದು ಹೀಗಾಯಿತು. ಹಿಂದೆ ಸಭೆಯಲ್ಲಿ ನನ್ನ ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದ ಒಬ್ಬ ಹಿರಿಯ ಸಹೋದರಿ ಫೋನ್ ಮಾಡಿ, ತಮ್ಮ ಕಣ್ಣು ಮಂದವಾಗುತ್ತಿದೆ, ವಾರಕ್ಕೊಮ್ಮೆ ಒಂದು ಕೀರ್ತನೆಯನ್ನು ಓದಿ ಹೇಳುವೆಯಾ ಎಂದು ಕೇಳಿದರು. ಅವರು ನನಗೆ ಬುದ್ಧಿ ಹೇಳಿದ್ದರೆ ನಾನು ಫೋನ್ ಎತ್ತುವುದನ್ನೇ ಬಿಡುತ್ತಿದ್ದೆ. ಸಹಾಯ ಕೇಳಿದ್ದರಿಂದ ಒಪ್ಪಿಕೊಂಡೆ. ಪ್ರತಿ ಗುರುವಾರ ಬೆಳಿಗ್ಗೆ ಆರೂವರೆಗೆ ಇಪ್ಪತ್ತು ನಿಮಿಷ. ನಾನು ಓದುತ್ತಿದ್ದೆ, ಅವರು ನಡುನಡುವೆ ಕೆಮ್ಮುತ್ತಾ ‘ಆ ಸಾಲನ್ನು ಇನ್ನೊಮ್ಮೆ ಓದು’ ಎನ್ನುತ್ತಿದ್ದರು. 88ನೆಯ ಕೀರ್ತನೆಯ ದಿನ ನಾನು ಓದಿ ಮುಗಿಸಿ ಸುಮ್ಮನಾದೆ. ಏಕೆಂದರೆ ಆ ಕೀರ್ತನೆ ಕತ್ತಲೆಯಲ್ಲಿಯೇ ಮುಗಿಯುತ್ತದೆ, ಬೇರೆ ಕೀರ್ತನೆಗಳಂತೆ ಕೊನೆಯಲ್ಲಿ ಸ್ತೋತ್ರಕ್ಕೆ ತಿರುಗುವುದಿಲ್ಲ. ಅವರೂ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇದನ್ನೂ ದೇವಜನರು ಹಾಡಿದ್ದಾರಲ್ಲವೇ’ ಎಂದರು. ನನ್ನ ಒಣ ಪ್ರಾರ್ಥನೆಯೂ ಪ್ರಾರ್ಥನೆಯೇ ಎಂದು ನನಗೆ ಮೊದಲ ಬಾರಿಗೆ ತೋರಿದ್ದು ಆ ಬೆಳಿಗ್ಗೆ. ಸಭೆಗೆ ಹಿಂದಿರುಗಿದ್ದು ಅದಾಗಿ ಏಳು ತಿಂಗಳ ಮೇಲೆ, ಯಾರ ಒತ್ತಾಯವೂ ಇಲ್ಲದೆ.

ಆದುದರಿಂದ, ದೊಡ್ಡ ಕೂಟಕ್ಕೆ ಹೋಗಲು ಮನಸ್ಸಿಲ್ಲದಿದ್ದರೆ ಒಬ್ಬರನ್ನು ಹುಡುಕಿಕೊಳ್ಳಿ. ಮಾರ್ಕನ ಎರಡನೆಯ ಅಧ್ಯಾಯದಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದು ಮಾಳಿಗೆ ತೆಗೆದು ಇಳಿಸಿದಾಗ, ಯೇಸು ನೋಡಿದ್ದು ‘ಅವರ’ ನಂಬಿಕೆಯನ್ನು ಎಂದು ಬರೆದಿದೆ. ಮಲಗಿದ್ದವನ ನಂಬಿಕೆ ಎಷ್ಟಿತ್ತು ಎಂಬುದರ ಬಗ್ಗೆ ಮಾರ್ಕನು ಒಂದು ಮಾತನ್ನೂ ಹೇಳುವುದಿಲ್ಲ.

ಉತ್ತರ 3: ‘ಬೆರೋಯದವನು’

ಅನ್ಯೋನ್ಯತೆಯ ಬಗ್ಗೆ ಇಷ್ಟು ಒಳ್ಳೆಯ ಮಾತುಗಳು ಬಂದಿರುವಾಗ ಒಂದು ಎಚ್ಚರಿಕೆಯ ಮಾತನ್ನೂ ಸೇರಿಸುವುದು ನನ್ನ ಕರ್ತವ್ಯ ಎಂದುಕೊಳ್ಳುತ್ತೇನೆ. ‘ಕರ್ತನು ನನಗೆ ಹೇಳಿದ್ದಾನೆ’ ಎಂಬ ಮಾತಿನಿಂದ ನನ್ನ ಮದುವೆಯನ್ನೂ ಉಳಿತಾಯದ ಹಣವನ್ನೂ ತೀರ್ಮಾನಿಸಲು ಹೊರಟ ಒಬ್ಬ ನಾಯಕರ ಕೈಕೆಳಗೆ ನಾಲ್ಕು ವರ್ಷ ಇದ್ದವನು ನಾನು. ಅಲ್ಲಿ ಪ್ರಶ್ನೆ ಕೇಳುವುದೇ ಅವಿಶ್ವಾಸ ಎನ್ನಿಸಿಕೊಳ್ಳುತ್ತಿತ್ತು. ಸತ್ಯವೇದದಲ್ಲಾದರೋ ಬೆರೋಯ ಎಂಬ ಊರಿನವರು ಪೌಲನ ಪ್ರಸಂಗವನ್ನೇ ಪ್ರತಿದಿನ ಶಾಸ್ತ್ರದೊಂದಿಗೆ ಹೋಲಿಸಿ ನೋಡಿದರೆಂದು ಲೂಕನು ಅವರನ್ನು ಹೊಗಳುತ್ತಾನೆ (ಅಪೊಸ್ತಲರ ಕೃತ್ಯಗಳು 17:11). ಗಲಾತ್ಯದವರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯದಲ್ಲಿ ಒಬ್ಬರ ಭಾರವನ್ನೊಬ್ಬರು ಹೊರಬೇಕು ಎಂಬ ಎರಡನೆಯ ವಚನಕ್ಕೂ, ಪ್ರತಿಯೊಬ್ಬನು ತನ್ನ ಹೊರೆಯನ್ನು ತಾನೇ ಹೊತ್ತುಕೊಳ್ಳಬೇಕು ಎಂಬ ಐದನೆಯ ವಚನಕ್ಕೂ ನಡುವೆ ಇರುವುದು ಎರಡೇ ವಚನಗಳ ಅಂತರ. ತೀರ್ಮಾನ ಎಂಬ ಹೊರೆ ನಿಮ್ಮದು. ಅದನ್ನು ನಿಮ್ಮ ಕೈಯಿಂದ ಕಿತ್ತುಕೊಳ್ಳಲು ಬರುವವರಿಂದ ದೂರವಿರಿ. ಹೊರುವಾಗ ಪಕ್ಕದಲ್ಲಿ ನಡೆಯುವವರನ್ನು ಮಾತ್ರ ಹತ್ತಿರ ಇಟ್ಟುಕೊಳ್ಳಿ.

ಹಾಗೆಂದು ಒಬ್ಬಂಟಿಯಾಗಿರುವುದೂ ಸುರಕ್ಷಿತವಲ್ಲ. ಆ ನಾಯಕರಿಗೂ ಪ್ರಶ್ನೆ ಕೇಳುವವರು ಯಾರೂ ಇರಲಿಲ್ಲ ಎಂಬುದೇ ಮೂಲ ತೊಂದರೆಯಾಗಿತ್ತು.

ಪ್ರಶ್ನೆ ಕೇಳಿದವರ ಮರುಮಾತು: ‘ಹಿಂದಿನ ಸಾಲಿನವನು’

ಮೂವರಿಗೂ ಕೃತಜ್ಞತೆಗಳು. ‘ನಾವು’ ಎಂಬ ಆ ಒಂದು ಪದವನ್ನು ನಾನು ಎಷ್ಟೋ ಬಾರಿ ಓದಿಯೂ ಗಮನಿಸಿರಲಿಲ್ಲ. ಆದರೆ ಎರಡು ಅನುಮಾನಗಳು ಉಳಿದಿವೆ. ಪ್ರಸಂಗಗಳನ್ನು ಕೇಳುವುದರಿಂದ ನನಗೆ ನಿಜವಾಗಿಯೂ ಜ್ಞಾನ ದೊರೆಯುತ್ತಿದೆ; ಹಾಗಿದ್ದರೂ ಅದು ಏಕೆ ಅನ್ಯೋನ್ಯತೆ ಎನ್ನಿಸಿಕೊಳ್ಳುವುದಿಲ್ಲ? ಎರಡನೆಯದಾಗಿ, ಒಳಗೆ ನಂಬಿಕೆ ಇಷ್ಟು ಕ್ಷೀಣವಾಗಿರುವಾಗ ಕೂಟಕ್ಕೆ ಹೋಗಿ ಇತರರೊಂದಿಗೆ ಹಾಡುವುದು ಕಪಟವಾಗುವುದಿಲ್ಲವೇ?

ಉತ್ತರ 4: ‘ಹಳೆಯ ಕಂದೀಲು’

ಎರಡನೆಯದನ್ನು ಮೊದಲು ತೆಗೆದುಕೊಳ್ಳುತ್ತೇನೆ. ಪುನರುತ್ಥಾನದ ದಿನದ ಸಂಜೆ ಶಿಷ್ಯರು ಕೂಡಿದ್ದಾಗ ತೋಮನು ಅವರೊಂದಿಗೆ ಇರಲಿಲ್ಲ. ಉಳಿದವರು ಹೇಳಿದಾಗ ಅವನು ನಂಬಲಿಲ್ಲ, ಮೊಳೆಗಳ ಗಾಯದಲ್ಲಿ ಬೆರಳು ಹಾಕಿದ ಹೊರತು ನಂಬುವುದೇ ಇಲ್ಲ ಎಂದ. ಎಂಟು ದಿನಗಳಾದ ಮೇಲೆ ಯೇಸು ಮತ್ತೆ ಬಂದಾಗ ತೋಮನು ಎಲ್ಲಿದ್ದ? ಅವರ ಜೊತೆಯಲ್ಲಿಯೇ, ಅದೇ ಮನೆಯೊಳಗೆ (ಯೋಹಾನ 20:26). ಆ ಎಂಟು ದಿನ ಹತ್ತು ಮಂದಿ ನಂಬಿದವರು ಒಬ್ಬ ನಂಬದವನನ್ನು ಹೊರಗೆ ಹಾಕಲಿಲ್ಲ, ಅವನೂ ಎದ್ದು ಹೋಗಲಿಲ್ಲ. ಆ ದಿನಗಳಲ್ಲಿ ಅವರು ಊಟಕ್ಕೆ ಕುಳಿತಾಗ ಏನು ಮಾತಾಡಿಕೊಂಡಿದ್ದರೋ ಎಂದು ನಾನು ಆಗಾಗ ಊಹಿಸಿಕೊಳ್ಳುತ್ತೇನೆ. ನಿಮಗೆ ಹಾಡಲು ಬಾರದಿದ್ದರೆ ಹಾಡಬೇಡಿ, ಕುಳಿತಿರಿ. ‘ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು’ ಎಂದು ಬೇಡಿದ ಒಬ್ಬ ತಂದೆಯ ಮಗನನ್ನು ಸ್ವಾಮಿಯು ವಾಸಿಮಾಡಿದನಲ್ಲದೆ, ಮೊದಲು ನಿನ್ನ ನಂಬಿಕೆಯನ್ನು ಸರಿಪಡಿಸಿಕೊಂಡು ಬಾ ಎನ್ನಲಿಲ್ಲ.

ಪ್ರಸಂಗಗಳ ವಿಷಯ. ಕೇಳುವುದು ಒಳ್ಳೆಯದೇ. ಆದರೆ ಫೋನಿನಲ್ಲಿ ಮಾತಾಡುವವರಿಗೆ ನಿಮ್ಮ ನೋಟ್‌ಪುಸ್ತಕ ಖಾಲಿಯಾಗಿರುವುದು ತಿಳಿಯದು. ಅವರ ಮಾತು ಚುಚ್ಚಿದ ಕೂಡಲೇ ನೀವು ಬೇರೊಬ್ಬರನ್ನು ಆರಿಸಿಕೊಳ್ಳಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಅವರಿಗೆ ನಿಮ್ಮಿಂದ ಏನೂ ಬೇಕಾಗಿಲ್ಲ. ಪೌಲನು ರೋಮಾಪುರದವರಿಗೆ ಬರೆಯುವಾಗ, ನಿಮ್ಮನ್ನು ದೃಢಪಡಿಸಲು ಬರಬೇಕೆಂದಿದ್ದೇನೆ ಎಂದು ಆರಂಭಿಸಿ, ತಕ್ಷಣವೇ ಮಾತನ್ನು ತಿದ್ದಿಕೊಂಡವನಂತೆ, ಅಂದರೆ ನಿಮ್ಮ ನಂಬಿಕೆಯಿಂದ ನನಗೂ ನನ್ನ ನಂಬಿಕೆಯಿಂದ ನಿಮಗೂ ಧೈರ್ಯ ಉಂಟಾಗಬೇಕು ಎನ್ನುತ್ತಾನೆ (1:11–12). ಗುರುವಾರದ ಸಹೋದರಿಯನ್ನು ಎಬ್ಬಿಸಿದ್ದು ಕೇಳಿದ ಕೀರ್ತನೆಯಲ್ಲ, ಇನ್ನೊಬ್ಬರಿಗಾಗಿ ಓದಿದ ಕೀರ್ತನೆ.

ಇದಕ್ಕೆ ಸಂಬಂಧಿಸಿದ ಒಂದು ಚರಿತ್ರೆಯ ಸಂಗತಿ ನನಗೆ ಬಹಳ ಇಷ್ಟ. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ 1742ರಲ್ಲಿ ಬೋಧಕ ಜಾನ್ ವೆಸ್ಲಿಯವರ ಜೊತೆಯಲ್ಲಿದ್ದ ಮೆಥೊಡಿಸ್ಟ್ ಎಂಬ ಕ್ರೈಸ್ತ ಜಾಗೃತಿ ಚಳವಳಿಯವರಿಗೆ ಆರಾಧನಾ ಮಂದಿರದ ಸಾಲ ತೀರಿಸಬೇಕಾಗಿತ್ತು. ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡುವುದು, ಸುಮಾರು ಹನ್ನೆರಡು ಮಂದಿಗೆ ಒಬ್ಬನು ಮನೆಮನೆಗೆ ಹೋಗಿ ಅದನ್ನು ಕೂಡಿಸುವುದು ಎಂದು ಏರ್ಪಾಡಾಯಿತು. ಹಣಕ್ಕೆಂದು ಬಾಗಿಲು ತಟ್ಟಿದವರಿಗೆ ಒಳಗೆ ಕಂಡದ್ದು ಬೇರೆಯೇ: ಜಗಳ, ಕುಡಿತ, ಕುಗ್ಗಿಹೋದ ಮನಸ್ಸು, ಯಾರಿಗೂ ಹೇಳದ ಸಂಕಟ. ಕ್ರಮೇಣ ಆ ಹನ್ನೆರಡು ಮಂದಿ ವಾರಕ್ಕೊಮ್ಮೆ ಒಂದೆಡೆ ಸೇರಿ ತಮ್ಮ ಆತ್ಮದ ಸ್ಥಿತಿಯನ್ನು ಹೇಳಿಕೊಂಡು ಪ್ರಾರ್ಥಿಸುವ ಕೂಟವಾಯಿತು. ಸಾಲ ವಸೂಲಿಗೆ ಹುಟ್ಟಿದ್ದು ಆ ಚಳವಳಿಯ ಬೆನ್ನೆಲುಬಾಯಿತು. ಸಾವಿರ ಮಂದಿ ಬಯಲಿನಲ್ಲಿ ನಿಂತು ಕೇಳಿದ ಪ್ರಸಂಗಗಳು ಜನರನ್ನು ಎಚ್ಚರಿಸಿದವು, ನಿಜ. ಎಚ್ಚರಗೊಂಡವರನ್ನು ವರ್ಷಾನುಗಟ್ಟಲೆ ಕಾಯ್ದದ್ದು ಈ ಸಣ್ಣ ಕೂಟಗಳು.

ನಿಮ್ಮ ಕೆಲಸದ ತೀರ್ಮಾನದ ಬಗ್ಗೆ ಇಷ್ಟನ್ನು ಮಾತ್ರ ಹೇಳಬಲ್ಲೆ. 1521ರಲ್ಲಿ ಪಾಂಪ್ಲೋನಾದ ಯುದ್ಧದಲ್ಲಿ ಫಿರಂಗಿ ಗುಂಡಿನಿಂದ ಕಾಲು ಮುರಿದು ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದ, ಮುಂದೆ ಕಥೋಲಿಕ ಸಭೆಯ ಸಂತರೆನಿಸಿದ ಲೊಯೋಲಾದ ಇಗ್ನೇಷಿಯಸ್, ತನ್ನ ಮನಸ್ಸಿನಲ್ಲಿ ಬಂದುಹೋಗುವ ಆಲೋಚನೆಗಳನ್ನು ಗಮನಿಸುತ್ತಾ ಕೆಲವು ಸೂತ್ರಗಳನ್ನು ಕಂಡುಕೊಂಡರು. ಅವುಗಳಲ್ಲಿ ಒಂದು, ಆತ್ಮವು ಒಣಗಿ ಕತ್ತಲೆಯಲ್ಲಿರುವಾಗ ಹೊಸ ತೀರ್ಮಾನ ಮಾಡಬಾರದು, ಬೆಳಕಿದ್ದಾಗ ಮಾಡಿದ ನಿಶ್ಚಯದಲ್ಲಿಯೇ ನಿಲ್ಲಬೇಕು ಎಂಬುದು. ಇನ್ನೊಂದು, ವೈರಿಯು ಗುಟ್ಟನ್ನು ಬಯಸುತ್ತಾನೆ, ಆದುದರಿಂದ ಒಳಗಿನ ಹೊಯ್ದಾಟವನ್ನು ವಿವೇಕಿಯಾದ ಒಬ್ಬರ ಮುಂದೆ ಬಾಯಿಬಿಟ್ಟು ಹೇಳಬೇಕು ಎಂಬುದು. ನಾನು ರೋಮನ್ ಕಥೋಲಿಕ ಸಭೆಗೆ ಸೇರಿದವನಲ್ಲ. ಆದರೂ ಈ ಎರಡು ಸೂತ್ರಗಳು ನನ್ನನ್ನು ಎರಡು ಬಾರಿ ಉಳಿಸಿವೆ. ಕೆಲಸ ಕೊಡುವವರನ್ನು ಇನ್ನಷ್ಟು ಸಮಯ ಕೇಳಿ ನೋಡಿ. ಆ ಸಮಯದಲ್ಲಿ ಇಬ್ಬರು ಮೂವರನ್ನು ಕೂರಿಸಿಕೊಂಡು, ‘ದೇವರು ನಿಮಗೆ ಏನು ತಿಳಿಸಿದನು’ ಎಂದು ಕೇಳದೆ, ನಿಮ್ಮನ್ನೇ ಪ್ರಶ್ನೆಗಳನ್ನು ಕೇಳಬೇಕೆಂದು ಅವರನ್ನು ಬೇಡಿಕೊಳ್ಳಿ. ಹೋಗುವ ಆಸೆಯ ಹಿಂದೆ ಕರೆ ಇದೆಯೇ, ಕೂಟದಿಂದ ತಪ್ಪಿಸಿಕೊಳ್ಳುವ ಬಯಕೆ ಇದೆಯೇ ಎಂದು ಅವರು ಕೇಳಲಿ.

ಪ್ರಶ್ನೆ ಕೇಳಿದವರ ಮರುಮಾತು: ‘ಹಿಂದಿನ ಸಾಲಿನವನು’

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಆರು ವಾರಗಳ ಕಾಲಾವಕಾಶ ಕೇಳಿದೆ, ಎರಡು ವಾರ ಕೊಟ್ಟಿದ್ದಾರೆ. ಕೂಟದಲ್ಲಿ ಕಣ್ಣು ಮುಚ್ಚಿಕೊಂಡು ಮಾತು ಹೇಳಿದ ಆ ಸಹೋದರರನ್ನೇ ಭೇಟಿಯಾಗಿ, ಅವರ ಮಾತಿನಿಂದ ನನಗಾದ ಗೊಂದಲವನ್ನು ಹೇಳಿಕೊಂಡೆ. ಅವರು ಬಹಳ ಹೊತ್ತು ನೆಲ ನೋಡುತ್ತಾ ಕುಳಿತಿದ್ದು, ‘ಆ ದಿನ ನನ್ನ ಮಗ ದೂರದ ಊರಿಗೆ ಕೆಲಸಕ್ಕೆ ಹೋಗಿದ್ದ, ಅವನ ಯೋಚನೆಯಲ್ಲಿಯೇ ಇದ್ದೆ; ಯಾವುದು ಕರ್ತನ ಮಾತು, ಯಾವುದು ನನ್ನದು ಎಂದು ಈಗ ನನಗೂ ಗೊತ್ತಾಗುತ್ತಿಲ್ಲ’ ಎಂದರು. ಅಷ್ಟು ಪ್ರಾಮಾಣಿಕವಾದ ಉತ್ತರವನ್ನು ನಾನು ನಿರೀಕ್ಷಿಸಿರಲಿಲ್ಲ. ಈಗ ವಾರಕ್ಕೆ ಎರಡು ಸಂಜೆ ಅವರೂ ನಾನೂ ಸರದಿಯಂತೆ ಒಂದೊಂದು ಕೀರ್ತನೆಯನ್ನು ಓದುತ್ತೇವೆ. ಮುಂದಿನ ವಾರ ಇನ್ನೊಬ್ಬರು ಸೇರುತ್ತಾರೆ, ಆಗ ಕೆಲಸದ ವಿಷಯವನ್ನು ಮುಂದಿಡಬೇಕೆಂದಿದ್ದೇನೆ. ಹೋಗಬೇಕೇ ಬೇಡವೇ ಎಂಬುದು ಇನ್ನೂ ತಿಳಿದಿಲ್ಲ. ನೋಟ್‌ಪುಸ್ತಕದಲ್ಲಿ ಹೊಸ ಪುಟ ತೆರೆದು ಈ ಬಾರಿ ನಡುವೆ ಗೆರೆ ಎಳೆಯದೆ ಬರೆಯುತ್ತಿದ್ದೇನೆ. ನಾಳೆ ಓದುವ ಸರದಿ ನನ್ನದು, ‘ಎಷ್ಟರವರೆಗೆ’ ಎಂದು ಮತ್ತೆ ಮತ್ತೆ ಕೇಳುವ ಆ 13ನೆಯ ಕೀರ್ತನೆ.